ಚಿಕ್ಕಪ್ಪನ ಫೋನಿನ ಚಿಲಕ

ಭಾನುವಾರ ಬೆಳಿಗ್ಗೆ ಏಳೂವರೆ. ಚಿಕ್ಕಮ್ಮನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಚಿಕ್ಕಪ್ಪ.

"ಮಗಾ, ನನ್ ಫೋನು ತಾನಾಗೇ ಎಲ್ರಿಗೂ ಏನೋ ಕಳಿಸ್ತೈತೆ. ಊರೋರೆಲ್ಲ ಫೋನ್ ಮಾಡಿ ಕೇಳ್ತಾವ್ರೆ, ಇದ್ಯಾವ ಚಲನ್ನು ಅಂತ."

ಹಿಂದಿನ ಸಂಜೆ ಅವರ ವಾಟ್ಸಾಪಿಗೆ ಪರಿಚಯದವರೊಬ್ಬರ ನಂಬರಿನಿಂದಲೇ ಒಂದು ಫೈಲ್ ಬಂದಿತ್ತು. ಹೆಸರು 'ಆರ್‌ಟಿಓ ಚಲನ್'. ಕೊನೆಯಲ್ಲಿ ಒಂದು ಚುಕ್ಕೆ, ಆಮೇಲೆ ಎಪಿಕೆ. ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಅದರ ಹಿಂದಿನ ವಾರವೇ ಚಿಕ್ಕಪ್ಪ ಹೆಲ್ಮೆಟ್ ಇಲ್ಲದೆ ತಿಪಟೂರಿಗೆ ಹೋಗಿ ಬಂದಿದ್ದರು. ದಂಡ ಬಿದ್ದಿರಬೇಕು ಅಂದುಕೊಂಡು ಒತ್ತಿದರು. ಫೋನು ಏನೋ ಕೇಳಿತು, ಸರಿ ಅಂದರು. ಒಂದು ರೂಪಾಯಿ ಕಟ್ಟಿದರೆ ಚಲನ್ ಕಾಣುತ್ತದೆ ಎಂದಿತು, ಎಟಿಎಂ ಕಾರ್ಡಿನ ವಿವರ ಹಾಕಿದರು. ಅಷ್ಟಾದ ಮೇಲೆ ಆ ಆ್ಯಪಿನ ಗುರುತೇ ಪರದೆಯಿಂದ ಮಾಯವಾಯಿತು. ಏನೋ ಕೆಟ್ಟಿದೆ, ಬೆಳಿಗ್ಗೆ ನೋಡಿದರಾಯಿತು ಅಂತ ಮಲಗಿದರು.

ಮೊದಲು ಏರೋಪ್ಲೇನ್ ಮೋಡ್ ಹಾಕಿಸಿದೆ. ಚಿಕ್ಕಮ್ಮನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಲು ಹೇಳಿದೆ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930. ಅಷ್ಟರಲ್ಲಿ ಎರಡು ಸಲ ಹಣ ಹೋಗಿತ್ತು, ಒಟ್ಟು 14,000 ರೂಪಾಯಿ. ಎರಡನೇ ಸಲದ 8,000 ದಾರಿಯಲ್ಲೇ ತಡೆದರು. ಮೊದಲಿನ 6,000 ಇವತ್ತಿಗೂ ಬಂದಿಲ್ಲ. ವಾಟ್ಸಾಪ್ ಅಂತೂ ಬೇರೆ ಯಾರದ್ದೋ ಕೈಗೆ ಹೋಗಿತ್ತು. ಫೋನಿಗೆ ಬರುವ ಎಸ್ಸೆಮ್ಮೆಸ್ಸೆಲ್ಲ ಆ ಕಳ್ಳ ಆ್ಯಪ್ ಮೂಲಕ ಅವರಿಗೆ ತಲುಪುತ್ತಿತ್ತು. ಬ್ಯಾಂಕಿನ ಒಟಿಪಿಯೂ ಹಾಗೇ, ವಾಟ್ಸಾಪಿನ ಕೋಡೂ ಹಾಗೇ. ಚಿಕ್ಕಪ್ಪನ ಹೆಸರಿನಲ್ಲೇ ಅದೇ ಫೈಲು ಊರೆಲ್ಲ ಹಂಚಿಕೆಯಾಗುತ್ತಿತ್ತು.

ಮಧ್ಯಾಹ್ನದ ರೈಲಿಗೆ ಅರಸೀಕೆರೆಗೆ ಹೊರಟೆ.

ಸಂಜೆ ಜಗಲಿಯ ಮೇಲೆ ಕೂತು ಅವರ ಫೋನಿನ ಸೆಟ್ಟಿಂಗ್ಸ್ ಒಂದೊಂದೇ ತೆರೆದು ನೋಡಿದೆ. ಅಪರಿಚಿತ ಆ್ಯಪ್‌ಗಳನ್ನು ಹಾಕಿಕೊಳ್ಳಲು ಯಾವ್ಯಾವುದಕ್ಕೆ ಅನುಮತಿ ಇದೆ ಎಂದು ತೋರಿಸುವ ಪುಟವೊಂದಿದೆ. ಅಲ್ಲಿ ಬ್ರೌಸರ್ ಮುಂದೆ 'ಇಲ್ಲ' ಅಂತಿತ್ತು. ಫೈಲ್ಸ್ ಮುಂದೆ 'ಇಲ್ಲ'. ವಾಟ್ಸಾಪ್ ಮುಂದೆ 'ಅನುಮತಿಸಲಾಗಿದೆ'. ಪ್ಲೇ ಸ್ಟೋರಿಗೆ ಹೋಗಿ, ಕೆಟ್ಟ ಆ್ಯಪ್ ತಡೆಯುವ ಗೂಗಲ್‌ನ ಕಾವಲು ಪ್ಲೇ ಪ್ರೊಟೆಕ್ಟ್ ನೋಡಿದೆ. ಅದೂ ಆಫ್ ಆಗಿತ್ತು.

ಎರಡನ್ನೂ ಮಾಡಿಸಿದ್ದು ನಾನು.

2023ರ ಶುರುವಿನ ಮಾತು. ಚಿಕ್ಕಪ್ಪನ ಹಳೆ ಫೋನು ಕೆಟ್ಟು, ರಿಪೇರಿಗೆಂದು ಬೆಂಗಳೂರಿನಲ್ಲಿ ನನ್ನ ಹತ್ತಿರ ಇತ್ತು. ಹೊಸ ಫೋನಿನಲ್ಲಿ ಆಂಡ್ರಾಯ್ಡ್ 12. ಅವರಿಗೆ ಬೇಕಿದ್ದುದು ಒಂದೇ ಒಂದು ಆ್ಯಪ್. ಕೊಬ್ಬರಿ ಧಾರಣೆ ತೋರಿಸುವ ಸಣ್ಣದೊಂದು ಆ್ಯಪ್, ಯಾರೋ ಕಾಲೇಜು ಹುಡುಗ ಮಾಡಿದ್ದಿರಬೇಕು. ಜಾಹೀರಾತಿಲ್ಲ, ಲಾಗಿನ್ ಇಲ್ಲ. ತೆರೆದರೆ ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ರೇಟು. ಅಷ್ಟೇ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಅನ್ನುವವರೆಗೆ. ವರ್ಷ ಕಾದ ಮಾಲನ್ನು ಯಾವ ವಾರ ಮಾರಬೇಕು ಎಂಬುದು ಮನೆಯ ದೊಡ್ಡ ತೀರ್ಮಾನ. ಹಾಗಾಗಿ ಆ ಆ್ಯಪ್ ಅವರಿಗೆ ಆಟದ ಸಾಮಾನಲ್ಲ.

ಹೊಸ ಫೋನಿನ ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಅದು ಸಿಗಲೇ ಇಲ್ಲ. ಕಾರಣ ನನಗೆ ಗೊತ್ತಿತ್ತು. ಪ್ರತಿ ಆ್ಯಪೂ ತಾನು ಆಂಡ್ರಾಯ್ಡಿನ ಯಾವ ಆವೃತ್ತಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎಂದು ಹೇಳಿಕೊಳ್ಳಬೇಕು. ಆ ಆವೃತ್ತಿ ತುಂಬ ಹಳೆಯದಾದರೆ, ಹೊಸ ಫೋನುಗಳಲ್ಲಿ ಹೊಸಬರಿಗೆ ಆ್ಯಪ್ ಕಾಣದಂತೆ ಪ್ಲೇ ಸ್ಟೋರ್ ಬಚ್ಚಿಡುತ್ತದೆ. ಇದರಲ್ಲಿ ನ್ಯಾಯ ಇಲ್ಲದಿಲ್ಲ. ಹಳೆ ಆವೃತ್ತಿಗೆ ಬರೆದ ಆ್ಯಪ್‌ಗಳಿಗೆ ಹೊಸ ಕಟ್ಟುಪಾಡುಗಳು ಪೂರ್ತಿ ತಟ್ಟುವುದಿಲ್ಲ, ಮೋಸಗಾರರು ಬೇಕಂತಲೇ ಹಳೆಯದಕ್ಕೆ ಬರೆಯುತ್ತಾರೆ. ಆದರೆ ಅದೇ ಜರಡಿಯಲ್ಲಿ ಈ ಕೊಬ್ಬರಿ ಆ್ಯಪಿನಂಥವೂ ಕೆಳಗೆ ಬಿದ್ದು ಹೋಗುತ್ತವೆ. ಮಾಡಿದ ಹುಡುಗ ಕೆಲಸ ಸಿಕ್ಕಿ ಎಲ್ಲೋ ಹೋಗಿರುತ್ತಾನೆ. ಅಪ್‌ಡೇಟ್ ಮಾಡುವವರು ಯಾರು?

ಹಳೆ ಫೋನಿನಿಂದಲೇ ಆ ಆ್ಯಪಿನ ಎಪಿಕೆ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಫೋನಿನಲ್ಲಿ ಹೇಳಿಕೊಟ್ಟೆ. "ಚಿಕ್ಕಪ್ಪ, ಅದನ್ನ ಒತ್ತಿ. ಬೇಡ ಅನ್ನುತ್ತೆ, ಹೆದರಬೇಡಿ. ಸೆಟ್ಟಿಂಗ್ಸ್ ಅಂತಿದೆ ನೋಡಿ, ಅಲ್ಲಿ ಒತ್ತಿ. ಈಗ ಈ ಮೂಲದಿಂದ ಅನುಮತಿಸಿ ಅಂತ ಬಂತಾ? ಆನ್ ಮಾಡಿ." ಪ್ಲೇ ಪ್ರೊಟೆಕ್ಟ್ ಮತ್ತೆ ಅಡ್ಡ ಬಂತು. ಅದನ್ನೂ ಆಫ್ ಮಾಡಿಸಿದೆ. ಹತ್ತು ನಿಮಿಷದಲ್ಲಿ ರೇಟು ಕಾಣಿಸಿತು. ಚಿಕ್ಕಪ್ಪನಿಗೆ ಖುಷಿ, ನನಗೂ ಖುಷಿ. ಫೋನ್ ಇಟ್ಟೆ. ವಾಪಸ್ ಮುಚ್ಚಿಸಬೇಕಿತ್ತು. ಮುಚ್ಚಿಸಲಿಲ್ಲ.

ಈಗ ಯೋಚಿಸಿದರೆ ಹೊಟ್ಟೆ ತೊಳಸುತ್ತದೆ. ಮೋಸಗಾರರು ಫೋನ್ ಮಾಡಿ ಹೇಳಿಕೊಡುವುದೂ ಅಕ್ಷರಶಃ ಇದನ್ನೇ ಅಲ್ವಾ? ಬೇಡ ಅನ್ನುತ್ತೆ, ಹೆದರಬೇಡಿ, ಆನ್ ಮಾಡಿ. ನಾನು ಚಿಕ್ಕಪ್ಪನಿಗೆ ಕಲಿಸಿದ್ದು ಆ್ಯಪ್ ಹಾಕುವುದನ್ನಲ್ಲ. ಫೋನು ಬೇಡ ಅಂದಾಗ ಅದರ ಮಾತು ಕೇಳಬಾರದು ಎಂಬುದನ್ನು. ಗೂಗಲ್‌ನವರು ಆಮೇಲೆ ಒಂದು ಬದಲಾವಣೆ ತಂದಿದ್ದಾರೆ. ಕರೆ ನಡೆಯುತ್ತಿರುವಾಗ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಈಗ ಬಿಡುವುದಿಲ್ಲ. ಅದು ತಡೆಯುವುದು ನಾನು ಮಾಡಿದಂಥ ಕೆಲಸವನ್ನೇ.

ಹಾಗಂತ ಬೀಗ ತೆಗೆಯುವುದೇ ತಪ್ಪು ಎಂದು ನಾನು ಹೇಳಲಾರೆ. ಫೋನಿನಲ್ಲಿ ಕನ್ನಡ ಓದಲು ನನಗೆ ಸಾಧ್ಯವಾದದ್ದೇ ಹಾಗೆ.

ನನ್ನ ಮೊದಲ ಆಂಡ್ರಾಯ್ಡ್ ಫೋನ್ ಕೊಂಡದ್ದು 2011ರಲ್ಲಿ. ಮೊದಲ ಸಂಬಳದ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ರೂಮಿಗೆ ಬಂದು ಕನ್ನಡ ವಿಕಿಪೀಡಿಯ ತೆರೆದೆ. ಪುಟದ ತುಂಬ ಖಾಲಿ ಚೌಕಗಳು. ಸಾಲು ಸಾಲು ಚೌಕ. ಅಲ್ಲಲ್ಲಿ ಒಂದೊಂದು ಇಸವಿ, ಒಂದೊಂದು ಇಂಗ್ಲಿಷ್ ಪದ. ಮಿಕ್ಕಿದ್ದೆಲ್ಲ ಚೌಕ. ಫೋನಿನೊಳಗೆ ಕನ್ನಡದ ಫಾಂಟೇ ಇರಲಿಲ್ಲ. ಹಾಕಿಕೊಳ್ಳೋಣ ಎಂದರೆ ಫಾಂಟ್ ಇರುವ ಜಾಗಕ್ಕೆ ನಮಗೆ ಪ್ರವೇಶವಿಲ್ಲ. ದುಡ್ಡು ನಮ್ಮದು, ಫೋನು ನಮ್ಮದು. ಆ ಕೋಣೆಯ ಬೀಗ ಮಾತ್ರ ಕಂಪನಿಯದು.

ಆಗ ಕನ್ನಡದವರ ನಡುವೆ ಒಂದು ಉಪಾಯ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಒಪೆರಾ ಮಿನಿ ಹಾಕಿಕೊಳ್ಳಿ. ವೆಬ್ ವಿಳಾಸ ಬರೆಯುವ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಒಂದು ಗುಟ್ಟಿನ ಪುಟ ತೆರೆದುಕೊಳ್ಳುತ್ತದೆ. ಅದರ ಕೆಳಗೆಲ್ಲೋ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬ ಪ್ರಶ್ನೆ ಇರುತ್ತದೆ. 'ನೋ' ಇದ್ದದ್ದನ್ನು 'ಯೆಸ್' ಮಾಡಿ, ಸೇವ್ ಒತ್ತಿ. ಮುಗಿಯಿತು. ಅಲ್ಲಿಂದ ಮುಂದೆ ಒಪೆರಾದ ಸರ್ವರ್ ಕನ್ನಡದ ಸಾಲುಗಳನ್ನು ಚಿತ್ರವನ್ನಾಗಿ ಮಾಡಿ ಕಳಿಸುತ್ತಿತ್ತು. ಅಕ್ಷರ ಸ್ವಲ್ಪ ಒರಟು. ಕಾಪಿ ಮಾಡಲು ಆಗದು. ಡೇಟಾ ಜಾಸ್ತಿ ತಿನ್ನುತ್ತಿತ್ತು. ಆದರೂ ಆ ರಾತ್ರಿ ಚೌಕಗಳೆಲ್ಲ ಹೋಗಿ ಕನ್ನಡ ಮೂಡಿದ ಗಳಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಸಿಗೆಯ ಮೇಲೆ ಎದ್ದು ಕೂತಿದ್ದೆ.

ಆದರೆ ಅದು ಬ್ರೌಸರಿಗೆ ಮಾತ್ರ. ಎಸ್ಸೆಮ್ಮೆಸ್ಸಿನಲ್ಲಿ, ಇಮೇಲಿನಲ್ಲಿ, ಫೇಸ್‌ಬುಕ್‌ನಲ್ಲಿ ಮತ್ತದೇ ಚೌಕ. ಕೊನೆಗೆ ಫೋನನ್ನು ರೂಟ್ ಮಾಡಿದೆ. ಅಂದರೆ ಕಂಪನಿ ತನ್ನಲ್ಲೇ ಇಟ್ಟುಕೊಂಡ ಯಜಮಾನಿಕೆಯನ್ನು ನಾನೇ ತೆಗೆದುಕೊಂಡೆ. ಒಳಗಿನ ಫಾಂಟ್ ಕಡತ ತೆಗೆದು, ಕನ್ನಡ ಇರುವ ಇನ್ನೊಂದನ್ನು ಅದೇ ಹೆಸರಿನಲ್ಲಿ ಇಟ್ಟೆ. ಕೈ ನಡುಗುತ್ತಿತ್ತು. ತಪ್ಪಿದರೆ ಫೋನು ಇಟ್ಟಿಗೆ. ಮತ್ತೆ ಆನ್ ಆದಾಗ ಕನ್ನಡ ಬಂದಿತ್ತು, ಆದರೆ ಮುರಿದು ಬಂದಿತ್ತು. 'ಕನ್ನಡ' ಎಂದು ಬರೆದರೆ ಮೊದಲು 'ಕನ್', ಅದರ ಪಕ್ಕ ಬೇರೆಯಾಗಿ 'ನಡ'. ಒತ್ತಕ್ಷರ ತನ್ನ ಅಕ್ಷರದ ಕೆಳಗೆ ಹೋಗಿ ಕೂರುತ್ತಿರಲಿಲ್ಲ. ಫಾಂಟ್ ಇದ್ದರೆ ಸಾಲದು, ಅಕ್ಷರ ಜೋಡಿಸುವ ಬುದ್ಧಿಯೂ ಫೋನಿಗೆ ಇರಬೇಕು ಎಂದು ಆವತ್ತು ಗೊತ್ತಾಯಿತು. 2012ರಲ್ಲಿ ಆಂಡ್ರಾಯ್ಡ್ 4.1 ಬಂದ ಮೇಲೆ ಕನ್ನಡ, ತೆಲುಗು, ಮಲಯಾಳ ಅದರೊಳಗೇ ಸೇರಿದವು. 2014ರ 5.0ರಲ್ಲಿ ಫೋನಿನ ಮೆನುಗಳೇ ಕನ್ನಡದಲ್ಲಿ ಬಂದವು. ಚಿಕ್ಕಪ್ಪ ಈಗ ಬಳಸುವುದು ಆ ಕನ್ನಡ ಮೆನುವನ್ನೇ.

ಅದಕ್ಕೇ ಹೇಳುವುದು, ಬೀಗ ಮುರಿಯುವವರು ಎಂದ ಕೂಡಲೇ ಕಳ್ಳರನ್ನು ನೆನೆಯಬೇಡಿ. ತಮ್ಮ ಭಾಷೆ ಓದಲು, ಮೂರು ವರ್ಷಕ್ಕೇ ಕಂಪನಿ ಕೈಬಿಟ್ಟ ಫೋನನ್ನು ಇನ್ನೂ ಮೂರು ವರ್ಷ ಓಡಿಸಲು, ಬೇಡದ ಆ್ಯಪ್ ತೆಗೆಯಲು, ಎಷ್ಟೋ ಜನ ಈ ಕೆಲಸ ಮಾಡಿದ್ದಾರೆ. ಸಯನೋಜನ್‌ಮಾಡ್ ಎಂಬ ಬದಲಿ ವ್ಯವಸ್ಥೆ ಅಂಥವರ ಬೆವರಿನಿಂದಲೇ ಬೆಳೆದಿತ್ತು. 2016ರ ಕೊನೆಗೆ ಅದು ನಿಂತಾಗ ಅವರೇ ಲಿನೇಜ್ಓಎಸ್ ಹೆಸರಿನಲ್ಲಿ ಮುಂದುವರಿಸಿದರು.

ನನ್ನ ಎರಡನೇ ಫೋನಿನಲ್ಲಿ ಈಗಲೂ ಲಿನೇಜ್ಓಎಸ್ ಇದೆ. ಕಂಪನಿ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿತು. ಲಿನೇಜ್‌ನವರು ಭದ್ರತೆಯ ಅಪ್‌ಡೇಟ್ ಇನ್ನೂ ಕೊಡುತ್ತಿದ್ದಾರೆ. ಅದನ್ನು ಹಾಕಲು ಬೂಟ್‌ಲೋಡರ್, ಅಂದರೆ ಫೋನು ಆನ್ ಆಗುವಾಗ ಮೊದಲು ಓಡುವ ಭಾಗದ ಬೀಗ ತೆಗೆದಾಗ ಫೋನಿನಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಅದು ಸರಿಯಾಗಿಯೇ ಇದೆ. ಇಲ್ಲದಿದ್ದರೆ ಕದ್ದವನು ಬೀಗ ತೆಗೆದು ನಮ್ಮ ಫೋಟೋ, ಪತ್ರ ಎಲ್ಲ ನೋಡುತ್ತಿದ್ದ. ನನಗೆ ಸಿಟ್ಟು ಬರುವುದು ಬೇರೆ ಕಡೆ. ನನ್ನ ಬ್ಯಾಂಕಿನ ಆ್ಯಪ್ ಆ ಫೋನಿನಲ್ಲಿ ತೆರೆಯುವುದಿಲ್ಲ. ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆ ಇದೆ. ಈ ಫೋನಿನ ವ್ಯವಸ್ಥೆ ಕಂಪನಿ ಕೊಟ್ಟ ಹಾಗೇ ಇದೆಯೇ ಎಂದು ಆ್ಯಪ್ ಅದರ ಮೂಲಕ ಕೇಳಿ ತಿಳಿಯುತ್ತದೆ. ಇಲ್ಲ ಅಂತ ಉತ್ತರ ಬಂದರೆ ಬಾಗಿಲು ಬಂದ್. ಅದೇ ಆ್ಯಪ್ ನನ್ನ ಸ್ನೇಹಿತೆಯ ಹಳೆ ಫೋನಿನಲ್ಲಿ ಸಲೀಸಾಗಿ ನಡೆಯುತ್ತದೆ. ಅದು ಭದ್ರತೆಯ ಅಪ್‌ಡೇಟ್ ಕಂಡು ನಾಲ್ಕು ವರ್ಷ ಆಗಿದೆ. ಮೊನ್ನೆ ಮೊನ್ನೆ ತೇಪೆ ಹಾಕಿದ ಫೋನಿಗೆ ನಂಬಿಕೆ ಇಲ್ಲ, ನಾಲ್ಕು ವರ್ಷದ ತೂತು ಹಾಗೇ ಇರುವ ಫೋನಿಗೆ ನಂಬಿಕೆ ಇದೆ. ಬೀಗ ಯಾರು ಹಾಕಿದ್ದು ಎಂಬುದೊಂದೇ ಲೆಕ್ಕಕ್ಕೆ ಬರುವುದು ಯಾವ ನ್ಯಾಯ? ಆ ಪರೀಕ್ಷೆಗೆ ಮಂಕುಬೂದಿ ಎರಚುವ ಉಪಾಯಗಳಿವೆ. ನಾನು ಮಾಡುವುದಿಲ್ಲ. ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ, ದುಡ್ಡಿನ ವ್ಯವಹಾರಕ್ಕೆ ಅಂಥ ಅಸ್ಥಿರತೆ ಆಗದು. ಬ್ಯಾಂಕಿಗೆ ಒಂದು ಫೋನು, ಉಳಿದದ್ದಕ್ಕೆ ಇನ್ನೊಂದು. ಎರಡು ಫೋನ್ ಇಟ್ಟುಕೊಳ್ಳಲು ಆಗದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ.

ಇನ್ನೊಂದು ಬೀಗವನ್ನು ನಾನು ಯಾರಿಗೂ ತೆಗೆದುಕೊಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್ ತಂದು, ರೀಸೆಟ್ ಮಾಡಿದ ಮೇಲೆ ಹಳೆಯವರ ಗೂಗಲ್ ಖಾತೆ ಕೇಳುತ್ತಿದೆ, ಹೇಗಾದರೂ ದಾಟಿಸಿಕೊಡಿ ಎನ್ನುವವರು ಬರುತ್ತಾರೆ. 2015ರ ಸುಮಾರಿಗೆ, ಆಂಡ್ರಾಯ್ಡ್ 5.1ರ ಹೊತ್ತಿಗೆ ಬಂದ ಬೀಗ ಅದು. ಕದ್ದ ಫೋನು ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದೇ ಇಟ್ಟದ್ದು. ಮಾರಿದವರನ್ನೇ ಕರೆತಂದು ಅವರ ಖಾತೆ ತೆಗೆಸಿ ಎನ್ನುತ್ತೇನೆ. ಕೆಲವರು ಮುನಿಸಿಕೊಂಡಿದ್ದಾರೆ.

ಮತ್ತೆ ಜಗಲಿಗೆ ಬರುತ್ತೇನೆ. ಕಳ್ಳ ಆ್ಯಪ್ ಕಿತ್ತು ಹಾಕುವುದಕ್ಕಿಂತ ಫೋನನ್ನೇ ಪೂರ್ತಿ ರೀಸೆಟ್ ಮಾಡುವುದು ಮೇಲು ಅನ್ನಿಸಿತು. ಫೋಟೋಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ ರೀಸೆಟ್ ಮಾಡಿದೆ. ವಾಟ್ಸಾಪನ್ನು ಮತ್ತೆ ಅವರ ನಂಬರಿಗೆ ತಂದು, ಎರಡು ಹಂತದ ಪಿನ್ ಹಾಕಿಸಿದೆ.

ಈ ನಡುವೆ ಚಿಕ್ಕಪ್ಪ ಕೇಳಿದರು, "ಅಲ್ಲ ಮಗಾ, ಇಷ್ಟು ದೊಡ್ ಕಂಪ್ನಿಯೋರು ಇದನ್ನ ತಡೀಬಾರ್ದಾ?"

ತಡೆಯುತ್ತಿದ್ದಾರೆ. ಒಂದೊಂದಾಗಿ ಹೇಳಿದೆ. ಮೊದಲು ಅಪರಿಚಿತ ಮೂಲ ಎಂಬುದು ಇಡೀ ಫೋನಿಗೆ ಒಂದೇ ಸ್ವಿಚ್ಚಾಗಿತ್ತು. 2017ರಲ್ಲಿ ಆಂಡ್ರಾಯ್ಡ್ 8 ಬಂದಾಗ ಅದನ್ನು ಒಂದೊಂದು ಆ್ಯಪಿಗೂ ಬೇರೆ ಬೇರೆ ಮಾಡಿದರು. ಆಂಡ್ರಾಯ್ಡ್ 13ರಲ್ಲಿ, ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಆ್ಯಪ್‌ಗಳು ಪರದೆ ಓದಿ ತಾನೇ ಒತ್ತುವ ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಓದುವ ಅಧಿಕಾರಗಳನ್ನು ಸುಲಭವಾಗಿ ಪಡೆಯದಂತೆ ಅಡ್ಡಗೋಡೆ ಹಾಕಿದರು. ಆಂಡ್ರಾಯ್ಡ್ 15ರಲ್ಲಿ ಎಸ್ಸೆಮ್ಮೆಸ್ಸನ್ನೂ ಅದಕ್ಕೆ ಸೇರಿಸಿದರು. 2024ರ ಅಕ್ಟೋಬರ್‌ನಲ್ಲಿ ಭಾರತಕ್ಕೆಂದೇ ಒಂದು ಪ್ರಯೋಗ ಪ್ರಕಟಿಸಿದರು. ಬ್ರೌಸರ್, ಮೆಸೇಜು, ಫೈಲುಗಳ ಮೂಲಕ ಬಂದ ಆ್ಯಪ್ ಒಂದು ಎಸ್ಸೆಮ್ಮೆಸ್ ಓದುವಂಥ ಅನುಮತಿ ಕೇಳುವಂತಿದ್ದರೆ, ಪ್ಲೇ ಪ್ರೊಟೆಕ್ಟ್ ಅದನ್ನು ಹಾಕಲು ಬಿಡುವುದೇ ಇಲ್ಲ. ಚಿಕ್ಕಪ್ಪನಿಗೆ ಬಂದದ್ದು ಅಂಥದ್ದೇ. ಪ್ಲೇ ಪ್ರೊಟೆಕ್ಟ್ ಆನ್ ಇದ್ದಿದ್ದರೆ ತಡೆಯುತ್ತಿತ್ತೇನೋ. ಅದನ್ನು ಹೇಳುವಾಗ ಅವರ ಮುಖ ನೋಡಲು ಆಗಲಿಲ್ಲ. ಆಫ್ ಮಾಡಿಸಿದ್ದು ನಾನೇ ಎಂದು ಹೇಳಿಯೂ ಬಿಟ್ಟೆ. ಅವರು, "ಬಿಡು, ಕೊಬ್ರಿ ರೇಟು ಕೇಳಿದ್ದು ನಾನೇ ಅಲ್ವಾ" ಅಂದರು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. 2025ರ ಆಗಸ್ಟ್‌ನಲ್ಲಿ ಗೂಗಲ್ ಒಂದು ಘೋಷಣೆ ಮಾಡಿತು. ಗೂಗಲ್ ಮಾನ್ಯತೆ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಹೊರಗಿನ ಆ್ಯಪ್ ಹಾಕಬೇಕಾದರೂ, ಅದನ್ನು ಮಾಡಿದವರು ತಮ್ಮ ಗುರುತು ಕೊಟ್ಟು ಗೂಗಲ್ ಬಳಿ ನೋಂದಾಯಿಸಿಕೊಂಡಿರಬೇಕು. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ ಶುರು, 2027ರಿಂದ ಬೇರೆ ದೇಶಗಳಿಗೂ ಎಂಬುದು ಆ ಘೋಷಣೆ. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರ 2010ರಿಂದ ನಡೆಯುತ್ತಿದೆ. ಅಲ್ಲಿ ಸಿಗುವುದು ಮೂಲ ಸಂಕೇತವೂ ಬಹಿರಂಗವಾಗಿರುವ ಮುಕ್ತ ಆ್ಯಪ್‌ಗಳು ಮಾತ್ರ. ಹೀಗಾದರೆ ತಮ್ಮ ಕೆಲಸವೇ ಮುಗಿಯುತ್ತದೆ ಎಂದು ಅವರು ಎದ್ದು ನಿಂತರು. ಕೂಗು ಜೋರಾದ ಮೇಲೆ, ನವೆಂಬರಿನಲ್ಲಿ ಗೂಗಲ್ ಸ್ವಲ್ಪ ಮೆತ್ತಗಾಗಿ, ಅನುಭವ ಇರುವವರು ಅಪಾಯ ಒಪ್ಪಿಕೊಂಡು ಮುಂದೆ ಹೋಗಲು ಬೇರೆ ದಾರಿ ಮಾಡಿಕೊಡುತ್ತೇವೆ ಎಂದಿತು.

6,000 ರೂಪಾಯಿ ಹೋದ ಮನೆಯ ಜಗಲಿಯಲ್ಲಿ ಕೂತು ಈ ಸುದ್ದಿ ನೆನೆದರೆ ಮನಸ್ಸು ಎರಡಾಗುತ್ತದೆ. ಆದರೂ ನನ್ನ ಮಾತು ಬದಲಾಗಿಲ್ಲ. ಬಾಗಿಲು ಗಟ್ಟಿ ಇರಲಿ. ತೆಗೆಯಲು ಕಷ್ಟವಾಗಲಿ. ಒಂದು ದಿನ ಕಾಯಿಸಲಿ, ನಾಲ್ಕು ಸಲ ಕೇಳಲಿ, ಕರೆ ನಡೆಯುವಾಗ ತೆರೆಯದೇ ಇರಲಿ. ಇದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಆದರೆ ಅಗುಳಿ ಒಳಗಡೆ ಇರಬೇಕು. ಮನೆಯವರ ಕೈಗೆ ಸಿಗುವಂತಿರಬೇಕು. ಹೊರಗಡೆ ಬೀಗ ಹಾಕಿ ಕೀಲಿ ಬೇರೆಯವರ ಜೇಬಿನಲ್ಲಿದ್ದರೆ ಅದನ್ನು ಮನೆ ಅನ್ನುವುದು ಹೇಗೆ? ಗುರುತು ಕೊಟ್ಟು ನೋಂದಾಯಿಸಿಕೊಳ್ಳಲು ದೊಡ್ಡ ಕಂಪನಿಗಳಿಗೆ ತೊಂದರೆಯಿಲ್ಲ. ಮೋಸಗಾರರೂ ಯಾರದ್ದೋ ಹೆಸರಿನಲ್ಲಿ ಸಿಮ್ ಕೊಂಡ ಹಾಗೆ ಏನಾದರೂ ದಾರಿ ಹುಡುಕುತ್ತಾರೆ. ನಡುವೆ ನಲುಗುವುದು ಆ ಕೊಬ್ಬರಿ ಆ್ಯಪ್ ಮಾಡಿದ ಹುಡುಗ.

ನಮ್ಮ ದೇಶದಲ್ಲೂ ಈ ಪ್ರಶ್ನೆ ಮೆಟ್ಟಿಲು ಹತ್ತಿತ್ತು. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು ಎಂದೂ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಆ ನಿರ್ದೇಶನವನ್ನೂ ಇನ್ನು ಮೂರನ್ನೂ ತೆಗೆದುಹಾಕಿತು. ಆವತ್ತು ಪತ್ರಿಕೆಗಳೆಲ್ಲ ದಂಡದ ಮೊತ್ತವನ್ನೇ ದೊಡ್ಡದಾಗಿ ಹಾಕಿದವು. ನನಗೆ ಕಳೆದುಹೋದ ಆ ಒಂದು ಸಾಲೇ ದೊಡ್ಡದು ಅನ್ನಿಸಿತ್ತು.

ರಾತ್ರಿ ಊಟವಾದ ಮೇಲೆ ಫೋನಿನ ಉಳಿದ ಕೆಲಸ ಹಿಡಿದೆ. ಫೋನಿನ ಜೊತೆಗೇ ಬಂದ ಆಟ, ಸಾಲ ಕೊಡುವ ಆ್ಯಪ್, ದಿನಕ್ಕೆ ಇಪ್ಪತ್ತು ಸಲ ಕೂಗುವ ಸುದ್ದಿ ಆ್ಯಪ್ ಎಲ್ಲ ರೀಸೆಟ್ ಆದ ಮೇಲೂ ನಗುತ್ತಾ ಕೂತಿದ್ದವು. ಅವಕ್ಕೆ ಅನ್‌ಇನ್‌ಸ್ಟಾಲ್ ಗುಂಡಿಯೇ ಇಲ್ಲ. 'ಫೋನ್ ಕುರಿತು' ಪುಟದಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದೆ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು. ಏಳನೆಯದಕ್ಕೆ, ನೀವೀಗ ಡೆವಲಪರ್ ಎಂದು ಫೋನು ಹೇಳಿತು. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಎಂಬ ಸಾಧನದ ಮೂಲಕ ಒಂದೊಂದನ್ನೇ ತೆಗೆದೆ. ಇದರಲ್ಲಿ ಫೋನಿನ ಬೀಗ ಯಾವುದೂ ಮುರಿಯುವುದಿಲ್ಲ. ಆ್ಯಪ್ ಪೂರ್ತಿ ಅಳಿಯುವುದೂ ಇಲ್ಲ, ಈ ಬಳಕೆದಾರರ ಪಾಲಿಗೆ ಇಲ್ಲವಾಗುತ್ತದೆ, ರೀಸೆಟ್ ಮಾಡಿದರೆ ಮತ್ತೆ ಬರುತ್ತದೆ. ಹೆಸರು ನೋಡಿ ಗೊತ್ತಾಗದ ಯಾವುದನ್ನೂ ಮುಟ್ಟಲಿಲ್ಲ. ಕೆಲಸ ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡಿದೆ. ಈ ಸಲ ಎರಡೆರಡು ಸಲ ನೋಡಿದೆ.

ತೋಟದ ಮೋಟರಿನದು ಇನ್ನೊಂದು ಗೋಳು. ಅವರ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಇದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಅದರ ಆ್ಯಪ್ ಫೋನಿಗೆ ಸೂಚನೆ ಕಳಿಸಬೇಕು. ಆದರೆ ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಂಡಾಗಲೇ ಸೂಚನೆಗಳೆಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು. ಬ್ಯಾಟರಿ ಉಳಿಸಲು ಫೋನು ಆ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಆ ಒಂದು ಆ್ಯಪಿಗೆ ಬ್ಯಾಟರಿಯ ನಿರ್ಬಂಧ ತೆಗೆದೆ, ತಾನಾಗೇ ಶುರುವಾಗಲು ಅನುಮತಿ ಕೊಟ್ಟೆ. ಅಷ್ಟೇ ಸಾಕಾಯಿತು.

ಕೊಬ್ಬರಿ ರೇಟಿಗೆ ಈ ಸಲ ಎಪಿಕೆ ಹಾಕಲಿಲ್ಲ. ರಾಜ್ಯದ ಮಾರುಕಟ್ಟೆ ಧಾರಣೆಗಳಿಗೆ ಕೃಷಿ ಮಾರಾಟ ವಾಹಿನಿ ಎಂಬ ಸರ್ಕಾರಿ ಜಾಲತಾಣವೇ ಇದೆ. ಕ್ರೋಮಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ, ಹೋಮ್ ಸ್ಕ್ರೀನಿಗೆ ಸೇರಿಸಿದೆ. ಆ್ಯಪಿನ ಹಾಗೇ ಒಂದು ಗುರುತು ಬಂತು. ಒತ್ತಬೇಕಾದ ಕಡೆ ಜಾಸ್ತಿ, ಹಳೆಯದರಷ್ಟು ಸಲೀಸಲ್ಲ. ಆದರೆ ಯಾವ ಬಾಗಿಲನ್ನೂ ತೆರೆಯಬೇಕಿಲ್ಲ. 2023ರಲ್ಲೇ ನನಗೆ ಇದು ಹೊಳೆಯಬೇಕಿತ್ತು.

ಕೊನೆಗೆ ಚಿಕ್ಕಪ್ಪನ ಕೈಗೆ ಫೋನ್ ಕೊಟ್ಟು ಆ ಪುಟ ತೋರಿಸಿದೆ. ಅನುಮತಿಯ ಪಟ್ಟಿ. ಎಲ್ಲದರ ಮುಂದೆಯೂ 'ಇಲ್ಲ' ಇರಬೇಕು ಅಂದೆ.

"ಚಿಲ್ಕ ಅನ್ನು" ಅಂದರು. "ಎಲ್ಲ ಬಾಗ್ಲಿಗೂ ಚಿಲ್ಕ ಹಾಕೈತಾ ಅಂತ ನೋಡೋದು."

ಅವರೇ ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಮೂರು ಸಲ ಆ ಪುಟ ಹುಡುಕಿದರು. ಮೂರನೇ ಸಲಕ್ಕೆ ನನ್ನ ಸಹಾಯ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಜಗಲಿಯ ಮೇಲೆ ಏಳು ಫೋನು ಸಾಲಾಗಿದ್ದವು. ಅಕ್ಕಪಕ್ಕದ ಮನೆಯವರದು, ಡೇರಿಯಲ್ಲಿ ಹಾಲು ಅಳೆಯುವವರದು, ಕಾಯಿ ಸುಲಿಯುವವರಿಬ್ಬರದು. ಚಿಕ್ಕಪ್ಪ ಎಲ್ಲರಿಗೂ ಹೇಳಿ ಕರೆಸಿದ್ದರು. ಒಂದೊಂದನ್ನೇ ತೆರೆದು ನೋಡಿದೆ. ಐದು ಫೋನಿನಲ್ಲಿ ವಾಟ್ಸಾಪಿನ ಚಿಲಕ ತೆಗೆದಿತ್ತು. ಅದರಲ್ಲಿ ಮೂರರಲ್ಲಿ ಪರಿಚಯದ ಒಂದು ಗುರುತು ಕಾಣಿಸಿತು. ಕೊಬ್ಬರಿ ಧಾರಣೆಯ ಅದೇ ಸಣ್ಣ ಆ್ಯಪ್. ನಾನು ಕಳಿಸಿದ್ದನ್ನು ಚಿಕ್ಕಪ್ಪ ಊರಿಗೆಲ್ಲ ಫಾರ್ವರ್ಡ್ ಮಾಡಿದ್ದರು. ನಾನು ಹೇಳಿಕೊಟ್ಟಂತೆಯೇ ಅವರಿಗೂ ಹೇಳಿಕೊಟ್ಟಿದ್ದರು.

ಬೆಳಗಿನ ರೈಲು ಬಿಟ್ಟೆ. ಯಾರ ಫೋನನ್ನೂ ನಾನು ಸರಿ ಮಾಡಿಕೊಡಲಿಲ್ಲ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಬೆರಳಿನಿಂದಲೇ ಒತ್ತಿಸಿದೆ. ಹಾಲು ಅಳೆಯುವವರಿಗೆ ಕನ್ನಡಕ ಇರಲಿಲ್ಲ, ಮನೆಗೆ ಹೋಗಿ ತಂದರು. ಕಾಯಿ ಸುಲಿಯುವವರಲ್ಲಿ ಚಿಕ್ಕವನು ಎಲ್ಲರಿಗಿಂತ ಬೇಗ ಹಾದಿ ಕಂಡುಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಅಕ್ಕಾ, ಮುಂದೆ ಯಾವತ್ತಾದ್ರೂ ಬೇಕಂದ್ರೆ ಇಲ್ಲೇ ತಾನೆ ತೆಗಿಯೋದು?"

ಹೌದು, ಇಲ್ಲೇ ಅಂದೆ.